ಹದಿನಾಲ್ಕು ಮಡಕೆ, ಒಂದು ನಾಲಿಗೆ

ಪೊಮರೂನ್ ಹೊಳೆಯ ದಂಡೆಯ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಪಾಠ ಹೇಳಿದ್ದೇನೆ. ಆದರೆ ಶಾಲೆಯ ಮೆಟ್ಟಿಲೇ ಹತ್ತದ ಜಸಿಂತಾ ಲಾರೋಸ್ ಎದುರಿಗೆ ಬಂದರೆ ಇವತ್ತಿಗೂ ಕೈಕಟ್ಟಿ ನಿಲ್ಲುತ್ತೇನೆ. ಯಾಕೆಂದು ಹೇಳುತ್ತೇನೆ, ಕೇಳಿ.

ಸಮುದ್ರದಲ್ಲಿ ಎಣ್ಣೆ ಸಿಕ್ಕಿತು, ದೇಶದ ಹಣೆಬರಹ ಬದಲಾಯಿತು ಎಂದು ರೇಡಿಯೊ ಹೇಳುತ್ತಲೇ ಇತ್ತು. ನಮ್ಮ ಹೊಳೆಗೆ ಬಂದದ್ದು ಆ ಸುದ್ದಿಯೊಂದೇ. ಹೋದ ವರ್ಷ ರಾಮ್‌ಸರೂಪ್ ಎಂಬಾತ ದೋಣಿಯಲ್ಲಿ ಬಂದ. ಎಣ್ಣೆ ಹಡಗುಗಳಿಗೆ ಊಟ ಒದಗಿಸುವ ಕಂಪನಿಯವನು. ಅವನಿಗೆ ತಿಂಗಳಿಗೆ ಇನ್ನೂರು ಬಾಟಲಿ ಕ್ಯಾಸರೀಪ್ ಬೇಕಿತ್ತು. ಕಹಿ ಮರಗೆಣಸನ್ನು ತುರಿದು, ಹಿಂಡಿ, ಆ ವಿಷದ ನೀರನ್ನೇ ಗಂಟೆಗಟ್ಟಲೆ ಕುದಿಸಿ ಅಡುಗೆಗೆ ಹಾಕುವ ಈ ಕಪ್ಪು ಪಾಕ ಮಾಡುವುದು ನಮ್ಮೂರ ಹದಿನಾಲ್ಕು ಮನೆ ಹೆಂಗಸರ ವಿದ್ಯೆ. ಅದರಲ್ಲಿ ಎತ್ತಿದ ಕೈ ಜಸಿಂತಾಳದು, ಅವನು ನೇರ ಅವಳ ಮನೆಗೇ ಹೋದ.

"ನೀವೊಬ್ರೇ ಮಾಡಿ ಆಂಟಿ, ಮೆಷಿನ್ ನಾವು ಹಾಕಿಸಿ ಕೊಡ್ತೀವಿ," ಎಂದ. "ಹದಿನಾಲ್ಕು ಮನೆ ಅಂದ್ರೆ ಹದಿನಾಲ್ಕು ರುಚಿ. ನಮಗೆ ಒಂದೇ ರುಚಿ ಬೇಕು."

"ಉಳಿದ ಹದಿಮೂರು ಮನೆಯೋರು ನನ್ನ ಬಾಗಿಲಲ್ಲಿ ಕೂಲಿಗೆ ನಿಲ್ಬೇಕಾ? ಒಂದು ವಾರ ಬಿಟ್ಟು ಬಾ, ಒಂದೇ ರುಚಿ ಕೊಡ್ತೀನಿ. ಆಗ್ಲಿಲ್ವಾ, ನಿನ್ನ ದೋಣಿ, ನಿನ್ನ ದಾರಿ."

ಅವಳು ಕಯಾಪ್ ಕರೆದಳು. ಕಯಾಪ್ ಎಂದರೆ ಒಬ್ಬರ ಕೆಲಸಕ್ಕೆ ಊರೇ ಬರುವುದು. ಕೂಲಿಯಿಲ್ಲ, ಊಟ ಹಾಕಿದರೆ ಸಾಕು. ಈ ಸಲ ಕರೆದವಳೇ ಮನೆಮನೆಗೆ ಹೋದಳು. ವಾರವಿಡೀ ಅವರಿವರ ಒಲೆ ಮುಂದೆ ಕೂತು ಹದ ಹೇಳಿಕೊಟ್ಟಳು.

ರಾಮ್‌ಸರೂಪ್ ಮತ್ತೆ ಬಂದಾಗ ಗರಿಯ ಚಪ್ಪರದಡಿ ಹದಿನಾಲ್ಕು ಮಡಕೆ ಸಾಲಾಗಿದ್ದವು. ರುಚಿ ನೋಡಿ ಬೆರೆಸುತ್ತೇನೆ ಎಂದಳು ಜಸಿಂತಾ. ಅವನಿಗೆ ನಂಬಿಕೆ ಬರಲಿಲ್ಲ. ಅವಳ ಕಣ್ಣಿಗೆ ಬಟ್ಟೆ ಕಟ್ಟಿ, ಮಡಕೆಗಳನ್ನು ಅದಲುಬದಲು ಮಾಡಿಸಿ, ಒಂದೊಂದೇ ಚಮಚ ಕೊಟ್ಟ.

"ಇದು ಮೇಷ್ಟ್ರ ಹೆಂಡ್ತೀದು. ಮೇಷ್ಟ್ರ ಪಾಠದ ಹಾಗೇ, ಸಪ್ಪೆ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂದೂ ತಪ್ಪದೆ ಮನೆಗಳ ಹೆಸರು ಹೇಳುತ್ತಾ ಹೋದಳು. ಆಯಾ ಮನೆಯವರು ಹೌದೆಂದು ತಲೆಯಾಡಿಸಿದರು.

"ಇದು ಉರ್ಸೆಲಿನಾದು. ತಳ ಹಿಡಿದಿದೆ."

ಉರ್ಸೆಲಿನಾ ಗಂಡ ಸತ್ತವಳು, ಕಣ್ಣು ಮಂಜು. ಪಾಪ, ತಲೆ ತಗ್ಗಿಸಿದಳು. ಇದನ್ನು ಬಿಡೋಣ ಎಂದ ರಾಮ್‌ಸರೂಪ್.

"ಇಲ್ಲೀವರೆಗೆ ನಾನು ರುಚಿ ನೋಡಿದ್ದನ್ನ, ಇದೊಂದು ಬಿಟ್ಟು, ಬೆರೆಸಿ ನೋಡು. ಆಮೇಲೆ ಇದರದ್ದು ಒಂದು ಸೌಟು ಹಾಕಿ ನೋಡು."

ಅವನು ಎರಡನ್ನೂ ನೆಕ್ಕಿದ. ಎರಡನೆಯದನ್ನು ಮತ್ತೊಮ್ಮೆ ನೆಕ್ಕಿದ. "ಇದೇ ಇರಲಿ," ಎಂದ.

ಕೊನೆಯ ಚಮಚವನ್ನು ನಾಲಿಗೆಗಿಟ್ಟವಳೇ ಜಸಿಂತಾ ಉಗಿದಳು.

"ಇದು ಹಸಿ. ವಿಷ ಇನ್ನೂ ಹೋಗಿಲ್ಲ."

"ಯಾರದು ಆಂಟಿ?"

ಅವಳು ಬಟ್ಟೆ ಬಿಚ್ಚಲಿಲ್ಲ. "ನಂದು," ಎಂದಳು.

ಊರವರ ಒಲೆ ನೋಡುವಾಗ ಅವಳ ಒಲೆಯೇ ತಣ್ಣಗಾಗಿತ್ತು. ಹದವಾಗಿದೆ ಎಂದುಬಿಟ್ಟಿದ್ದರೆ ಅಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಡಕೆಯನ್ನು ತಾನೇ ಎತ್ತಿಕೊಂಡು ಹೋಗಿ ಗುಂಡಿಗೆ ಸುರಿದಳು. ರಾಮ್‌ಸರೂಪ್ ಹದಿಮೂರು ಮನೆಗಳ ಹೆಸರು ಬರೆದುಕೊಂಡ. ಅದರಲ್ಲಿ ಅವಳದಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವಳ ಅಂಗಳಕ್ಕೆ ಹದಿಮೂರು ಮನೆಯವರೂ ತುರಿಯುವ ಹಲಗೆ ಹಿಡಿದು ಬಂದರು. ಅವಳು ಯಾರನ್ನೂ ಕರೆದಿರಲಿಲ್ಲ. ಎಲ್ಲರಿಗಿಂತ ಮುಂದೆ ಉರ್ಸೆಲಿನಾ ಇದ್ದಳು, ತಡವರಿಸುತ್ತಾ ನೇರ ಒಲೆಯ ಮುಂದೆ ಹೋಗಿ ಕೂತಳು.

"ಆ ಕಡೆ ಸರಿಯೇ ಜಸಿಂತಾ. ಬೆಂಕಿ ನಾನು ನೋಡ್ಕೋತೀನಿ, ನಿಂಗೆ ಬರಲ್ಲ."