ಈಶ್ವರಯ್ಯನವರು ಬಿಳಿ ಮಾಡಿದ ಮಾನಿಟರು

ಅರಕಲಗೂಡಿನ ಈಶ್ವರಯ್ಯನವರ ಕೈಗೆ ಸಿಕ್ಕ ಪ್ಲಾಸ್ಟಿಕ್ಕು ಎಷ್ಟೇ ಹಳದಿಯಾಗಿರಲಿ, ಹುಟ್ಟಿದ ದಿನದ ಬಣ್ಣಕ್ಕೆ ತಿರುಗಲೇಬೇಕು. ಮತ್ತೆ ಹಳದಿಯಾಗುವ ಮಾತೇ ಇಲ್ಲ. ಹಿಂದಿನ ಗುರುತು ಸಾಸಿವೆಯಷ್ಟೂ ಉಳಿಯುವುದಿಲ್ಲ. ಇದೆಲ್ಲ ಅವರೇ ಹೇಳಿಕೊಂಡದ್ದು. ಎಷ್ಟು ಸಲ ಹೇಳಿದ್ದರೆಂದರೆ ಪೇಟೆ ಬೀದಿಯ ನಾಯಿಗಳಿಗೂ ಬಾಯಿಪಾಠವಾಗಿ, ಅವರು ಬಾಯಿ ತೆರೆದರೆ ಎದ್ದು ಬೇರೆ ಬೀದಿಗೆ ಹೋಗುತ್ತಿದ್ದವು.

ಕೆಲಸ ಕೇಳುವುದಕ್ಕೆ ಸುಲಭ. ಹಳೇ ಕಂಪ್ಯೂಟರಿನ ಮೈ ಬಿಚ್ಚಿ ಸೋಪುನೀರಲ್ಲಿ ತೊಳೆಯುವುದು. ಬ್ಯೂಟಿ ಪಾರ್ಲರಿನವರು ಕೂದಲ ಬಣ್ಣಕ್ಕೆ ಕಲಸುವ ಬಿಳಿ ಕ್ರೀಮನ್ನು ದೋಸೆಗೆ ಬೆಣ್ಣೆ ಸವರಿದಂತೆ ಸವರಿ, ತೆಳ್ಳನೆ ಪ್ಲಾಸ್ಟಿಕ್ ಹಾಳೆ ಸುತ್ತಿ, ತಾರಸಿಯ ಬಿಸಿಲಿಗಿಡುವುದು. ಕ್ರೀಂ ಒಣಗಿದರೆ ಪಟ್ಟೆಪಟ್ಟೆಯಾಗುತ್ತದೆ. ಅದಕ್ಕೇ ಜ್ವರ ಬಂದ ಮಗುವಿನ ಪಕ್ಕ ಕೂತ ಹಾಗೆ ಕೂತು, ಆಗಾಗ ತಿರುಗಿಸುತ್ತಿರಬೇಕು. ಹಳೇ ಸಾಮಾನಿನ ಹುಚ್ಚಿರುವವರು ಮೈಸೂರಿನಿಂದ ಬಸ್ಸಿನಲ್ಲಿ ಪಾರ್ಸೆಲ್ ಕಳಿಸುತ್ತಿದ್ದರು. ಊರಿನವರು ಸ್ವಿಚ್ ಬೋರ್ಡು, ಫ್ರಿಜ್ಜಿನ ಬಾಗಿಲು ಹೊತ್ತು ತಂದರು. ಒಬ್ಬರಂತೂ ಕಟ್ಟಿಸಿದ ಹಲ್ಲಿನ ಸೆಟ್ಟನ್ನೇ ಬಾಯಿಂದ ತೆಗೆದು ಮೇಜಿನ ಮೇಲಿಟ್ಟು, ಸಂಜೆ ಬತ್ತೀನಿ ಅಂತ ಸನ್ನೆ ಮಾಡಿ ಹೋದರು.

ಊರಿನ ಹಳದಿಯನ್ನೆಲ್ಲ ತೊಳೆದ ಈ ಮನುಷ್ಯನ ಅಂಗಡಿಯಲ್ಲೇ, ಪಡುವಣ ಕಿಟಕಿಯ ಹತ್ತಿರ, ಹಲಸಿನ ತೊಳೆಯಂಥ ಹಳದಿಯ ಒಂದು ಮಾನಿಟರು ಕೂತಿತ್ತು. ಅದು ಅವರ ಹೆಂಡತಿ ನೀಲಾಂಬಿಕೆಯವರದ್ದು. ಆ ಅಂಗಡಿ ಒಂದು ಕಾಲಕ್ಕೆ ಕಂಪ್ಯೂಟರ್ ಕಲಿಸುವ ಜಾಗವಾಗಿತ್ತು. ಪಾಠ ಹೇಳುತ್ತಿದ್ದವರು ಆಕೆ. ಈಶ್ವರಯ್ಯನವರ ಪಾಲಿಗೆ ಬಂದದ್ದು, ಕರೆಂಟು ಹೋದಾಗ ಮಕ್ಕಳು ಎದ್ದು ಹೋಗದಂತೆ ಕಥೆ ಹೇಳುವ ಕೆಲಸ.

ಪ್ರತಿ ಆಯುಧಪೂಜೆಗೂ ಆಕೆ ಆ ಮಾನಿಟರಿನ ನೆತ್ತಿಯ ಮೇಲೆ, ಹಿಂದಿನ ವರ್ಷದ ಗೆರೆಯ ಮೇಲೇ, ವಿಭೂತಿ ಕಲಸಿ ಮೂರು ಬೆರಳು ಎಳೆಯುತ್ತಿದ್ದರು. ಮುಂದಿನ ಪೂಜೆಯವರೆಗೆ ಅದನ್ನು ಯಾರೂ ಒರೆಸಕೂಡದು, ಒರೆಸಿದವರಿಗೆ ಅವತ್ತು ಕಾಫಿ ಇಲ್ಲ. ಎಂದೋ ಈಳಿಗೆಮಣೆಗೆ ಸಿಕ್ಕಿ ಉಂಗುರದ ಬೆರಳಿನ ತುದಿ ಹೋಗಿದ್ದರಿಂದ ಕೊನೆಯ ಗೆರೆ ಮಾತ್ರ ಯಾವಾಗಲೂ ಮೋಟು. ಆಕೆ ತೀರಿಕೊಂಡು ಎರಡು ವರ್ಷವಾದರೂ ಆ ಕೊನೆಯ ಸಲದ ವಿಭೂತಿ ಹಾಗೇ ಇತ್ತು.

ಹೀಗಿರಲು ಚನ್ನರಾಯಪಟ್ಟಣದ ಸುದರ್ಶನ್ ಬಂದರು. ಅವರು ಹೆದ್ದಾರಿಯಲ್ಲಿ ಹಳೇ ಕಾಲದ ಹೋಟೆಲು ಅಂತ ಒಂದನ್ನು ಹೊಸದಾಗಿ ಕಟ್ಟಿಸಿದ್ದರು. ಬಾವಿಯಿಲ್ಲದ ರಾಟೆ, ಹೋದ ತಿಂಗಳು ಮಾಡಿಸಿ ಹೊಗೆ ಹಿಡಿಸಿದ ಅಜ್ಜನ ಕಾಲದ ಪೆಟ್ಟಿಗೆ, ಎಲ್ಲ ಅಲ್ಲಿದ್ದವು. ಜೊತೆಗೆ ನಾಲ್ಕು ಹಳೇ ಕಂಪ್ಯೂಟರೂ ಇರಲಿ ಎಂದು, ತಂದು ಬಿಳಿ ಮಾಡಿಕೊಡಲು ಕೇಳಿದರು. ಈಶ್ವರಯ್ಯ ತಮ್ಮ ಬಾಯಿಪಾಠ ಒಪ್ಪಿಸಿದರು. ಸುದರ್ಶನ್ ಕಿಟಕಿಯ ಕಡೆ ನೋಡಿ ನಕ್ಕರು.

"ನಿಮ್ದೇ ಕಾಮಾಲೆ ಇಡ್ದಂಗೆ ಕೂತದಲ್ಲ ಸಾ. ನಂಬೋದೆಂಗೆ?"

ಅದು ಚುಚ್ಚಿತು. ಮರುದಿನವೇ ಈಶ್ವರಯ್ಯ ಮಾನಿಟರಿನ ಮೈ ಬಿಚ್ಚಿ, ಮನಸ್ಸಿನಲ್ಲೇ ಆಕೆಯ ಅಪ್ಪಣೆ ಕೇಳಿ, ವಿಭೂತಿ ಒರೆಸಿದರು. ಪುಡಿ ಹೋಯಿತು, ಮೂರು ಬಿಳಿ ಗೆರೆ ಹೋಗಲಿಲ್ಲ. ಬೂದಿ ಒಳಗೆ ಇಳಿದಿದೆ ಎಂದುಕೊಂಡು ಪಾತ್ರೆ ತಿಕ್ಕಿದಂತೆ ತಿಕ್ಕಿದರು. ಆದರೂ ಹೋಗದಿದ್ದಾಗ ಅಲ್ಲಿಗೆ ಎರಡರಷ್ಟು ಕ್ರೀಂ ಬಳಿದರು. ಸಂಜೆ ಹಾಳೆ ಬಿಚ್ಚಿದರೆ ಎಂಥಾ ಬಿಳುಪು! ಗೂಡಿಗೆ ಹೊರಟಿದ್ದ ಕೊಕ್ಕರೆಗಳು ತಮ್ಮವನೇ ಯಾವನೋ ಹಿಂದುಳಿದಿದ್ದಾನೆ ಎಂದು ಇಳಿದು ವಿಚಾರಿಸಿಕೊಂಡು ಹೋದವಂತೆ. ಹಿಗ್ಗಿನಲ್ಲಿ ಅವರು ಮೆಟ್ಟಿಲ ಕಡೆಗೆ ಕೂಗಿದರು.

"ನೀಲಾ, ಒಸಿ ಮೇಲ್ ಬಾ. ನೋಡು."

ಬರುವವರು ಇಲ್ಲವೆಂಬುದು ನೆನಪಾದಾಗಲೇ ಇನ್ನೊಂದೂ ಹೊಳೆಯಿತು. ಅದು ಬೂದಿಯ ಕಲೆಯಾಗಿರಲಿಲ್ಲ. ಕಿಟಕಿಯ ಬಿಸಿಲು ವರ್ಷಗಟ್ಟಲೆ ಸುತ್ತಲೂ ಹಳದಿ ಬಳಿದು, ಆಕೆಯ ವಿಭೂತಿ ಮುಚ್ಚಿದ್ದಷ್ಟನ್ನು ಮಾತ್ರ ಮುಟ್ಟದೆ ಬಿಟ್ಟಿತ್ತು. ಹಳದಿ ಇದ್ದದ್ದರಿಂದಲೇ ಆಕೆಯ ಬೆರಳು ಕಾಣುತ್ತಿತ್ತು.

ಅಂದಿನಿಂದ ಈಶ್ವರಯ್ಯ ಬೇರೆಯವರ ಕೆಲಸ ಮುಟ್ಟಲಿಲ್ಲ. ಕ್ರೀಮಿಲ್ಲ, ಹಾಳೆಯಿಲ್ಲ, ಮಾನಿಟರಿನ ಬರೀ ಮೈಯನ್ನು ದಿನಾ ಬಿಸಿಲಿಗೆ ಹೊತ್ತರು. ಹಳದಿ ತಿರುಗಿ ಬಂದರೆ ಬೆರಳೂ ಬಂದೀತು ಎಂಬ ಆಸೆ. ಅದು ಆಗದ ಮಾತೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಜಿಲ್ಲೆಯಲ್ಲೇ ಇರಲಿಲ್ಲ. ಆದರೂ ಹೊತ್ತರು. ಮನೆಯಲ್ಲಿ ಆಕೆಯ ಫೋಟೋ ಇತ್ತು, ಆದರೆ ಸ್ಟುಡಿಯೋದವನು ಮುಖ ತಿದ್ದಿ ಬೆಳ್ಳಗೆ ಮಾಡಿದ್ದರಿಂದ ಅದು ಯಾರೋ ನೆಂಟರ ಹೆಂಗಸಿನಂತೆ ಕಾಣುತ್ತಿತ್ತು. ಬೀದಿಯವರು ಮೊದಮೊದಲು ನಕ್ಕರು. ಆಮೇಲೆ ಅವರು ಮೆಟ್ಟಿಲು ಹತ್ತುವಾಗ ಬೇರೆ ಕಡೆ ನೋಡುವುದನ್ನು ಕಲಿತರು.

ಎರಡನೇ ಬೇಸಿಗೆಗೆ ಹಳದಿ ಬಂದೇಬಂತು. ನೆತ್ತಿಯಿಂದ ಬುಡದವರೆಗೂ ಒಂದೇ ಸಮ ಬಂತು. ಬೆಳಕಿಗೆ ಓರೆ ಹಿಡಿದರು, ಕಣ್ಣು ಮುಚ್ಚಿ ಸವರಿದರು, ಒದ್ದೆ ಮಾಡಿ ನೋಡಿದರು. ಒಂದು ಗೆರೆಯೂ ಇರಲಿಲ್ಲ. ಮಾಡಿದ ಕೆಲಸ ಅಷ್ಟು ಅಚ್ಚುಕಟ್ಟಾಗಿತ್ತು.

ಅಂದಿನಿಂದ ಕೆಲಸವಾಗದೆ ಅಂಗಡಿಯಲ್ಲೇ ಬಿದ್ದಿದ್ದ ತಮ್ಮ ಕಂಪ್ಯೂಟರುಗಳನ್ನು, ಕಾದು ಬೇಸತ್ತು, ವಾಪಸು ಒಯ್ಯಲು ಬಂದ ಸುದರ್ಶನ್ ತಾರಸಿ ಹತ್ತಿ, ನಡೆದದ್ದೆಲ್ಲ ಕೇಳಿಸಿಕೊಂಡರು. ಪಾಪ, ಅವರಿಗೂ ಮರುಕವಾಯಿತು.

"ಅಷ್ಟೇ ತಾನೆ ಸಾ? ನೀವೇ ಒಸಿ ವಿಭೂತಿ ಕಲಸ್ಕಂಡು ಮೂರ್ ಗೆರೆ ಎಳೀರಿ, ಕೊನೇದ್ನ ಮೋಟಾಗಿ ಬುಡಿ. ಬಿಸಿಲ್ಗೆ ಮಡಗುದ್ರೆ ಅಂಗೇ ಅಚ್ಚು ಬೀಳ್ತದೆ. ಯಾರ್ಗ್ ಗೊತ್ತಾಯ್ತದೆ?"

ಈಶ್ವರಯ್ಯ ಮಾನಿಟರನ್ನು ಎತ್ತಿ ನೆರಳಿಗಿಟ್ಟು, ಪಂಚೆಯ ಚುಂಗಿನಿಂದ ಕೈ ಒರೆಸಿಕೊಂಡರು.

"ಮಾಡ್ಬೋದು ಕಣಪ್ಪ. ಆದ್ರೆ ಮಾಡುದ್ಮೇಲೆ ಅದು ನನ್ ಮನೇಲಿರಕ್ಕಾಗಲ್ಲ. ನಿನ್ ಓಟ್ಲಿಗೇ ಎತ್ಕಂಡೋಗು."