ಯಾರ ಹತ್ತಿರ ಬೇಕಾದರೂ ಹೋಗುವ ಮಗು

ಬಿನ್ಯಾಮ್ ಯಾರ ಹತ್ತಿರ ಬೇಕಾದರೂ ಹೋಗುತ್ತಾನೆ. ಮೆರೆಡಿತ್‌ಗೆ ಇದ್ದ ಚಿಂತೆ ಇದೊಂದೇ, ಆದರೆ ಒಂದು ಗಳಿಗೆಯೂ ಬಿಡದ ಚಿಂತೆ. ಹಲ್ಲಿನ ಸಂದಿಗೆ ಸಿಕ್ಕಿದ ನಾರಿನ ಹಾಗೆ, ಏನು ಮಾಡುತ್ತಿದ್ದರೂ ನಾಲಿಗೆ ಅಲ್ಲಿಗೇ ಹೋಗುತ್ತಿತ್ತು.

ಬೇರೆ ತಾಯಂದಿರಿಗೆ ಇದು ಹೆಮ್ಮೆಯ ಮಾತು. "ನಮ್ಮ ಮಗು ಯಾರ ಹತ್ರ ಬೇಕಾದ್ರೂ ಹೋಗತ್ತೆ, ಒಂಚೂರೂ ಹಠ ಇಲ್ಲ" ಎಂದು ಅವರು ಹೇಳಿಕೊಳ್ಳುವುದನ್ನು ಕೇಳಿದರೆ ಮೆರೆಡಿತ್‌ಗೆ ಅಲ್ಲಿಂದ ಎದ್ದು ಹೋಗಬೇಕೆನ್ನಿಸುತ್ತಿತ್ತು. ಅಂಗಡಿಯಲ್ಲಿ ಟೊಮೆಟೊ ಆರಿಸುತ್ತಿದ್ದ ಗುರುತಿಲ್ಲದ ಹೆಂಗಸಿನ ಬೆರಳು ಹಿಡಿದು ಬಿನ್ಯಾಮ್ ಬಾಗಿಲವರೆಗೆ ನಡೆದುಬಿಟ್ಟಿದ್ದ, ಒಮ್ಮೆಯೂ ಹಿಂತಿರುಗಿ ನೋಡದೆ. ಡಾಕ್ಟರ ಬಳಿ ಹೋದಾಗ ನರ್ಸಿನ ಸೊಂಟವೇರಿ ಕುಳಿತು ತಾಯಿಗೇ ಟಾಟಾ ಮಾಡಿದ. ಸೂಜಿ ಚುಚ್ಚಿದರೂ ತುಟಿ ಪಿಟಕ್ಕೆನ್ನಲಿಲ್ಲ. "ಎಂಥಾ ಧೈರ್ಯಶಾಲಿ!" ಎಂದು ನರ್ಸ್ ಅಂಗಿಗೆ ನಕ್ಷತ್ರ ಅಂಟಿಸಿದಳು. ಮೂರೂವರೆ ವರ್ಷದ ಕೂಸು ಅಳುವುದಿಲ್ಲವೆಂದರೆ ಅದು ಧೈರ್ಯವಲ್ಲ, ಅತ್ತರೆ ಯಾರೂ ಬರುವುದಿಲ್ಲವೆಂದು ಅದಕ್ಕೆ ಗೊತ್ತಾಗಿದೆ ಎಂದರ್ಥ. ಮೆರೆಡಿತ್ ಇದನ್ನು ಓದಿದ್ದಳು.

ಅವಳು ಎಲ್ಲವನ್ನೂ ಓದಿಯೇ ಕಲಿತವಳು. ಶಿಕಾಗೋದಲ್ಲಿ ಎತ್ತರದ ಕಟ್ಟಡವೊಂದರ ಮನೆಯಲ್ಲಿ ಬೆಳೆದ ಒಬ್ಬಳೇ ಮಗಳು, ಅಪ್ಪ ಅಮ್ಮ ಇಬ್ಬರೂ ಮೇಷ್ಟರು. ನೀರಿಗಿಳಿಯುವ ಮೊದಲು ಈಜುವುದನ್ನೂ ಪುಸ್ತಕದಲ್ಲಿ ಓದಿದ್ದಳೆಂದು ಗಂಡ ಡರ್ಕ್ ಚುಡಾಯಿಸುತ್ತಿದ್ದ. ಹೆದರುವುದನ್ನೂ ಅವಳು ಓದಿಯೇ ಕಲಿತಿರಬೇಕು. ಮನೆಯಿಂದ ಹೊರಟರೆ ಒಲೆ ಆರಿಸಿದೆನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುವಳು. ಗಂಟಲಿಗೆ ಸಿಕ್ಕೀತೆಂದು ದ್ರಾಕ್ಷಿಯನ್ನು ಸೀಳಿ ಸೀಳಿ ಚೂರು ಮಾಡದೆ ಮಕ್ಕಳ ತಟ್ಟೆಗೆ ಹಾಕುತ್ತಿರಲಿಲ್ಲ. ಮದುವೆಯಾಗಿ ಅವಳು ಬಂದದ್ದು ಮಿಶಿಗನ್ನಿನ ಪಶ್ಚಿಮ ದಡದ ಒಂದು ಸಣ್ಣ ಊರಿಗೆ. ಎಲ್ಲರ ಮುತ್ತಜ್ಜಂದಿರೂ ಹಾಲೆಂಡಿನಿಂದ ಬಂದವರು, ದೇವರ ದಿನವಾದ ಭಾನುವಾರ ಯಾರಾದರೂ ಅಂಗಳದ ಹುಲ್ಲು ಕತ್ತರಿಸಿದರೆ ಪಕ್ಕದ ಮನೆಯ ಪರದೆ ಅಲುಗುವಂಥ ಊರು. ಅಲ್ಲಿ ಮಕ್ಕಳಿಗಾಗಿ ವರ್ಷಗಟ್ಟಲೆ ಕಾದು, ಕೊನೆಗೆ ಇಥಿಯೋಪಿಯಾಕ್ಕೆ ಹೋಗಿ ಅಣ್ಣತಮ್ಮಂದಿರಿಬ್ಬರನ್ನು ತಮ್ಮವರನ್ನಾಗಿ ಮಾಡಿಕೊಂಡು ಬಂದಾಗ ಹಿಮ ಬೀಳುತ್ತಿತ್ತು. ಆರು ವರ್ಷದ ತಮ್ರಾತ್ ದೊಡ್ಡವನು, ಬಿನ್ಯಾಮ್ ಚಿಕ್ಕವನು.

ಹೋಗುವ ಮೊದಲೇ ದತ್ತು ಏಜೆನ್ಸಿಯ ತರಗತಿಯಲ್ಲಿ ಒಂದು ನಿಯಮ ಹೇಳಿಕೊಟ್ಟಿದ್ದರು. ಮೊದಲ ಆರು ತಿಂಗಳು ಅಪ್ಪ ಅಮ್ಮ ಬಿಟ್ಟು ಬೇರೆ ಯಾರೂ ಮಕ್ಕಳನ್ನು ಎತ್ತಿಕೊಳ್ಳಬಾರದು, ಉಣಿಸಬಾರದು, ಮುದ್ದು ಮಾಡಬಾರದು. ಕೈಯಿಂದ ಕೈಗೆ ಬದಲಾಗುತ್ತ ಬೆಳೆದ ಮಕ್ಕಳಿಗೆ ಇವರೇ ನಮ್ಮವರು ಎಂದು ತಿಳಿಯಬೇಕಲ್ಲ. ಇವರಿಬ್ಬರೂ ಇದ್ದ ಮಕ್ಕಳ ಆಶ್ರಮದಲ್ಲಿ ನೋಡಿಕೊಳ್ಳುವ ಹೆಂಗಸರೆಲ್ಲರೂ 'ಎಮಾಯೆ', ಅಂದರೆ ಅಮ್ಮ. ಬಿನ್ಯಾಮ್ ಪಾಲಿಗೆ ಅಂಗಡಿಯವಳೂ ಎಮಾಯೆ, ನರ್ಸೂ ಎಮಾಯೆ. ಮೆರೆಡಿತ್ ಆ ಸಾಲಿನಲ್ಲಿ ಇನ್ನೊಬ್ಬಳು, ಅಷ್ಟೆ.

ವಿಮಾನ ನಿಲ್ದಾಣಕ್ಕೆ ಅತ್ತೆ ಹೆಟ್ಟಿ ಬಂದಿದ್ದರು. ಚರ್ಚಿಗೆ ಹಾಕುವ ಕೋಟು ತೊಟ್ಟು, ತಾವೇ ಹೆಣೆದ ಎರಡು ಉಣ್ಣೆ ಟೋಪಿ ಹಿಡಿದು, ಎರಡೂ ತೋಳು ಚಾಚಿ. ಮೆರೆಡಿತ್ ಅಡ್ಡ ಕೈ ಇಟ್ಟಳು. "ಅತ್ತೆ, ದಯವಿಟ್ಟು ಈಗ ಬೇಡ. ದೂರದಿಂದ ಟಾಟಾ ಮಾಡಿ, ಸಾಕು." ಹೆಟ್ಟಿ ಟೋಪಿಗಳನ್ನು ಚೀಲಕ್ಕೆ ಹಾಕಿಕೊಂಡು ಟಾಟಾ ಮಾಡಿದರು. ಅಂದಿನಿಂದ ಶನಿವಾರ ಶನಿವಾರ ಒಂದು ಪಾತ್ರೆ ಬಟಾಣಿ ಸೂಪು ತಂದು ಜಗಲಿಯ ಮೇಲಿಟ್ಟು, ಗಂಟೆ ಒತ್ತಿ, ಬಾಗಿಲು ತೆರೆಯುವ ಮೊದಲೇ ಕಾರು ಹತ್ತಿ ಹೋಗುತ್ತಿದ್ದರು.

ಆರು ತಿಂಗಳು ಬೇಸಿಗೆಯಲ್ಲೇ ಮುಗಿಯಿತು. ಮೆರೆಡಿತ್ ಮಾತ್ರ ನಿಯಮ ಸಡಿಲಿಸಲಿಲ್ಲ.

ಅಕ್ಟೋಬರಿನ ಆ ಶನಿವಾರ ಅವರು ಸೇಬಿನ ತೋಟಕ್ಕೆ ಹೊರಡುತ್ತಿದ್ದಾಗಲೂ ಗಂಟೆ ಸದ್ದಾಯಿತು. ಕಿಟಕಿಯಿಂದ ಮೆರೆಡಿತ್ ನೋಡಿದಳು. ಹೆಟ್ಟಿ ತಕ್ಷಣ ಹೋಗಿರಲಿಲ್ಲ. ಜಗಲಿಯಲ್ಲಿ ಚೆಲ್ಲಾಪಿಲ್ಲಿ ಬಿದ್ದಿದ್ದ ಮಕ್ಕಳ ಬೂಟುಗಳನ್ನು ಬಗ್ಗಿ ಜೋಡಿಸುತ್ತಿದ್ದರು, ಚಿಕ್ಕದರ ಪಕ್ಕ ಚಿಕ್ಕದು, ದೊಡ್ಡದರ ಪಕ್ಕ ದೊಡ್ಡದು. ಆಮೇಲೆ ಹೊರಟರು.

"ಪ್ರತಿ ವರ್ಷ ಸೇಬಿನ ತೋಟಕ್ಕೆ ಅಮ್ಮ ನಮ್ಮ ಜೊತೆನೇ ಬರ್ತಿದ್ಲು," ಸೂಪಿನ ಪಾತ್ರೆ ಒಳಗೆ ತರುತ್ತ ಡರ್ಕ್ ಅಂದ.

"ಗೊತ್ತು."

"ಆರು ತಿಂಗಳು ಮುಗಿದು ಯಾವ ಕಾಲ ಆಯ್ತು, ಮೆರಿ."

"ಅವನು ಈಗಲೂ ಯಾರ ಹತ್ರ ಬೇಕಾದ್ರೂ ಹೋಗ್ತಾನೆ ಡರ್ಕ್. ಅತ್ತೆ ಬಂದು ಎತ್ಕೊಂಡ್ರೆ ಅವರ ಜೊತೆನೂ ಹೋಗ್ತಾನೆ. ಆಮೇಲೆ ನಾನ್ಯಾರು?"

"ನೀನಾ? ದ್ರಾಕ್ಷಿ ಸೀಳೋಳು."

ಅವಳು ನಗಲಿಲ್ಲ. ಡರ್ಕ್ ಮಕ್ಕಳಿಗೆ ಅದೇ ಜೋಡಿಸಿಟ್ಟ ಬೂಟು ತೊಡಿಸಿದ.

ತೋಟದಲ್ಲಿ ಜನವೋ ಜನ. ಮೇಪಲ್ ಮರಗಳು ಉರಿಯುವ ಕೆಂಪಾಗಿದ್ದವು. ಸೇಬು ಅರೆಯುವ ಕೊಟ್ಟಿಗೆಯಿಂದ ಹುಳಿಸಿಹಿ ವಾಸನೆ, ಅದರ ಮೇಲೆ ಬಿಸಿ ಎಣ್ಣೆಯಲ್ಲಿ ಬೇಯುವ ಡೋನಟ್ಟಿನ ವಾಸನೆ. ಟಿಕೆಟ್ಟಿನ ಸಾಲಿನಲ್ಲಿ ಮುಂದಿದ್ದ ಮುದುಕಿಯೊಬ್ಬಳು ತಿರುಗಿ ಹುಡುಗರನ್ನು ನೋಡಿ ಕರಗಿಹೋದಳು.

"ಅಯ್ಯೋ, ಎಷ್ಟು ಮುದ್ದಾಗಿದಾವೆ! ಎಲ್ಲಿಂದ ಬಂದ್ರಪ್ಪಾ ನೀವು?"

"ಮನೆಯಿಂದ," ಅಂದ ತಮ್ರಾತ್. "ಕಾರಲ್ಲಿ."

ಡರ್ಕ್‌ಗೆ ಕೆಮ್ಮು ಬಂತು. ಬಿನ್ಯಾಮ್ ಅಷ್ಟರಲ್ಲಿ ಆ ಮುದುಕಿಯ ಕೋಟಿನ ಗುಂಡಿ ಹಿಡಿದು "ಎಮಾಯೆ" ಎಂದು ನಕ್ಕಿದ್ದ. ಮೆರೆಡಿತ್ ಅವನ ಬೆರಳು ಬಿಡಿಸಿ ಈಚೆಗೆಳೆದುಕೊಂಡಳು. ಅವನು ಅದಕ್ಕೂ ನಕ್ಕ. ಯಾರು ಎಳೆದರೂ ನಗುತ್ತಿದ್ದ.

ಕುಂಬಳಕಾಯಿಯ ಹೊಲ ತೋಟದ ಆಚೆ ತುದಿಯಲ್ಲಿ. ಅಲ್ಲಿಗೆ ಟ್ರ್ಯಾಕ್ಟರ್ ಎಳೆಯುವ ಉದ್ದನೆಯ ಗಾಡಿಯಲ್ಲಿ, ಒಣಹುಲ್ಲಿನ ಪೆಂಡಿಗಳ ಮೇಲೆ ಕುಳಿತು ಹೋಗಬೇಕು. ತಮ್ರಾತ್‌ಗೆ ಡೋನಟ್ ಬೇಕಿತ್ತು. ಡರ್ಕ್ ಅವನನ್ನು ಕರೆದುಕೊಂಡು ಆ ಸಾಲಿಗೆ ಹೋದ. ಮೆರೆಡಿತ್ ಬಿನ್ಯಾಮನನ್ನು ಗಾಡಿಗೆ ಹತ್ತಿಸಿದಳು. ಕಿತ್ತಳೆ ಬಣ್ಣದ ಸ್ವೆಟರು ತೊಟ್ಟ ದಪ್ಪನೆಯ ಹೆಂಗಸೊಬ್ಬಳು, "ಕೊಡಿ ಕೊಡಿ, ನಾ ಹಿಡ್ಕೋತೀನಿ, ನೀವು ಹತ್ತಿ" ಎಂದು ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಮೆರೆಡಿತ್ ಮೆಟ್ಟಿಲಿಗೆ ಕಾಲಿಡಬೇಕೆನ್ನುವಷ್ಟರಲ್ಲಿ ಅವನ ಒಂದು ಬೂಟು ಕಳಚಿ ಕೆಸರಿಗೆ ಬಿತ್ತು. ಅವಳು ಬಗ್ಗಿದಳು. ಮುಂದೆ ಕೂತ ಡ್ರೈವರಿಗೆ ಹಿಂದಿನದು ಕಾಣದು. ಗಾಡಿ ಹೊರಟೇಬಿಟ್ಟಿತು.

"ನಿಲ್ಲಿಸಿ! ಏ, ನಿಲ್ಸೀ!"

ಎಂಜಿನ್ನಿನ ಸದ್ದಿನಲ್ಲಿ ಯಾರಿಗೆ ಕೇಳೀತು? ಬೂಟು ಕೈಯಲ್ಲಿ ಹಿಡಿದು ಮೆರೆಡಿತ್ ಓಡಿದಳು. ಕೆಸರು ಹಿಡಿದೆಳೆಯುತ್ತಿತ್ತು, ಹೆಗಲಿನ ಚೀಲ ಸೊಂಟಕ್ಕೆ ಬಡಿಯುತ್ತಿತ್ತು. ಗಾಡಿ ದೂರ ಹೋಗುತ್ತಿತ್ತು. ಕಿತ್ತಳೆ ಸ್ವೆಟರಿನವಳ ತೊಡೆಯಲ್ಲಿ ಬಿನ್ಯಾಮ್ ಆರಾಮವಾಗಿ ಕುಳಿತಿದ್ದ. ಅವಳು ಕೊಟ್ಟ ಡೋನಟ್ ಅವನ ಕೈಯಲ್ಲಿ, ಸಕ್ಕರೆ ಅವನ ಗಲ್ಲದ ಮೇಲೆ. ನೋಡು, ಅವನಿಗೇನೂ ಆಗಿಲ್ಲ, ನಾನಿಲ್ಲದಿದ್ದರೂ ನಡೆಯುತ್ತದೆ ಎಂದು ಓಟದ ನಡುವೆಯೂ ಅವಳ ತಲೆ ಹೇಳುತ್ತಿತ್ತು. ದೂರದಿಂದ ಬೇರೆಯವರ ತೊಡೆಯ ಮೇಲಿನ ಮಗುವನ್ನು ನೋಡುತ್ತ ನಿಲ್ಲುವುದು ಹೇಗಿರುತ್ತದೆಂದು ಅವಳಿಗೆ ಆ ಗಳಿಗೆಯಲ್ಲಿ ತಿಳಿಯಿತು.

ಬಿನ್ಯಾಮ್ ಎಡಕ್ಕೆ ನೋಡಿದ. ಅಲ್ಲಿ ಯಾವನೋ ಹುಡುಗ. ಬಲಕ್ಕೆ ನೋಡಿದ. ಅಲ್ಲಿ ಹುಲ್ಲು. ತಲೆಯೆತ್ತಿ ತೊಡೆ ಯಾರದೆಂದು ನೋಡಿದ. ಆಮೇಲೆ ಗಾಡಿಯ ಹಿಂದೆ, ಸಣ್ಣವಳಾಗುತ್ತಿದ್ದ ಮೆರೆಡಿತ್‌ಳನ್ನು ನೋಡಿದ.

ಅವನು ಕಿರುಚಿದ ರೀತಿಗೆ ಸೇಬಿನ ಮರದಿಂದ ಹಕ್ಕಿಗಳೆದ್ದವು. ಡೋನಟ್ ಹಾರಿತು. ಸ್ವೆಟರಿನವಳ ಕನ್ನಡಕ ಹಾರಿತು. "ಎಮಾಯೇ!" ಎಂದು ಒಬ್ಬ ಎಮಾಯೆಯ ತೋಳಿನೊಳಗಿಂದಲೇ ಇನ್ನೊಬ್ಬಳ ಕಡೆಗೆ ಇಡೀ ಮೈ ಚಾಚಿ, ಒದೆದು, ಪರಚಿ, ಉಸಿರು ಕಟ್ಟುವಂತೆ ಅರಚಿದ. ಗಾಡಿಯವರೆಲ್ಲ ಮುಂದಿನ ಹಲಗೆ ಬಡಿದು ಡ್ರೈವರನ್ನು ಕೂಗಿದರು. ಟ್ರ್ಯಾಕ್ಟರ್ ಗಕ್ಕನೆ ನಿಂತಿತು.

ಮೆರೆಡಿತ್ ಏದುಸಿರು ಬಿಡುತ್ತ ಮೇಲೆ ಹತ್ತಿದಾಗ ಬಿನ್ಯಾಮ್ ಅವಳನ್ನು ಅಪ್ಪಿಕೊಳ್ಳಲಿಲ್ಲ. ಮೊದಲು ಹೊಡೆದ. ಎರಡೂ ಮುಷ್ಟಿಯಿಂದ ಎದೆಗೆ ಗುದ್ದಿದ. ತನ್ನ ಊರಿನ ಮಾತೂ ಇಲ್ಲಿನ ಮಾತೂ ಬೆರೆಸಿ ಬಾಯಿಗೆ ಬಂದದ್ದೆಲ್ಲ ಬೈದ. ಭುಜವನ್ನು ಕಚ್ಚಿದ. ಅನಂತರ ಅದೇ ಭುಜದಲ್ಲಿ ಮುಖ ಹುದುಗಿಸಿ, ಎಂಟು ತಿಂಗಳಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತ.

"ಬಿಟ್ಟು ಹೋಗಲ್ಲ ಕಂದಾ, ಹೋಗಲ್ಲ, ಇಲ್ಲೇ ಇದೀನಿ," ಎಂದು ಅವಳು ಬಡಬಡಿಸಿದಳು. ಅವಳೂ ಅಳುತ್ತಿದ್ದಳು, ಆದರೆ ಮುಖವೆಲ್ಲ ನಗೆ. ಗಾಡಿಯವರಿಗೆ ಏನೂ ಅರ್ಥವಾಗಲಿಲ್ಲ.

"ತಪ್ಪಾಯ್ತು ಕಣ್ರೀ, ನಾನೇ ಕೂಗಿ ನಿಲ್ಲಿಸ್ಬೇಕಿತ್ತು," ಸ್ವೆಟರಿನವಳು ಹುಲ್ಲಿನಲ್ಲಿ ಕನ್ನಡಕ ತಡಕುತ್ತ ಅಂದಳು. "ಆದ್ರೂ ಏನು ಗಂಟಲು ಮಾರಾಯ್ತಿ! ನಾನೂ ನಾಲ್ಕು ಹೆತ್ತಿದೀನಿ. ಒಂದಾದ್ರೂ ನನಗೋಸ್ಕರ ಹೀಗೆ ಕೂಗಿದ್ರೆ ಕೇಳಿ."

"ನಂಗೂ ಇದೇ ಮೊದಲು," ಅಂದಳು ಮೆರೆಡಿತ್.

ಹಿಂದಿನಿಂದ ಯಾರೋ, "ಎಂಥಾ ಹಠಮಾರಿ ಮಗು" ಎಂದು ಪಿಸುಗುಟ್ಟಿದರು. ಅವರ ಬಾಯಿಗೆ ಸಕ್ಕರೆ ಹಾಕಬೇಕೆನ್ನಿಸಿತು ಅವಳಿಗೆ.

ಡರ್ಕ್ ಮತ್ತು ತಮ್ರಾತ್ ಓಡಿ ಬಂದು ಗಾಡಿ ಹತ್ತಿದರು. ತಮ್ರಾತ್ ತಮ್ಮನನ್ನು ಬೆರಗಿನಿಂದ ನೋಡಿದ.

"ಯಾಕೆ ಅಳ್ತಿದಾನೆ?"

"ಅಮ್ಮ ಕೆಳಗೇ ಉಳಿದುಬಿಟ್ಲು ಅಂತ," ಡರ್ಕ್ ಅಂದ.

"ಇನ್ನೊಬ್ಬ ಆಂಟಿ ಇದ್ರಲ್ಲ?" ತಮ್ರಾತ್ ಸ್ವೆಟರಿನವಳನ್ನು ತೋರಿಸಿದ. ಹಾಗೆಯೇ ಒಂದಿಷ್ಟು ಯೋಚಿಸಿ, ತನ್ನ ಅರ್ಧ ಡೋನಟ್ಟನ್ನು ಮೆರೆಡಿತ್ ಕೈಗಿಟ್ಟು, ಅವಳ ಕೋಟಿನ ಬೆಲ್ಟನ್ನು ಬಿಗಿಯಾಗಿ ಹಿಡಿದುಕೊಂಡು ಕುಳಿತ. ಗಾಡಿ ಮತ್ತೆ ಹೊರಟಾಗಲೂ ಅದನ್ನು ಬಿಡಲಿಲ್ಲ.

ಆ ಮಧ್ಯಾಹ್ನವೆಲ್ಲ ಬಿನ್ಯಾಮ್ ಅವಳ ಸೊಂಟದಿಂದ ಇಳಿಯಲಿಲ್ಲ. ಕುಂಬಳಕಾಯಿ ಆರಿಸುವಾಗಲೂ ಸೊಂಟದ ಮೇಲೆ, ಬಚ್ಚಲಿಗೆ ಹೋದರೂ ಸೊಂಟದ ಮೇಲೆ. ತೋಳು ಬಿದ್ದುಹೋಗುವಂತಾಯಿತು. ಡರ್ಕ್ "ಇಲ್ಲಿ ಕೊಡು" ಎಂದರೆ ಇವನು "ಊಹೂಂ" ಅನ್ನುವನು, ಇವಳೂ ಬೇಡವೆನ್ನುವಳು. ಅವನ ಗುಂಗುರು ಕೂದಲಿನಲ್ಲಿ ಅವಳ ಡೋನಟ್ಟಿನ ಸಕ್ಕರೆ ಉದುರಿತ್ತು. ಹೊರಡುವ ಮುನ್ನ ಸೇಬಿನ ರಸ ಕೊಳ್ಳಲು ಹೋದಾಗ ಗಲ್ಲಾದ ಹಿಂದಿನ ಹೆಂಗಸು ಎರಡೂ ಕೈ ಚಾಚಿದಳು.

"ಬಾರೋ ಮರಿ, ನನ್ನ ಹತ್ರ ಬರ್ತೀಯಾ?"

ಮೆರೆಡಿತ್ ಉಸಿರು ಹಿಡಿದಳು. ಬಿನ್ಯಾಮ್ ಆ ಕೈಗಳನ್ನು ನೋಡಿದ, ಮುಖ ತಿರುಗಿಸಿ ತಾಯಿಯ ಕತ್ತಿನೊಳಗೆ ಅಡಗಿದ.

"ಓಹೋ, ನಾಚಿಕೆಯಾ?"

"ಹೂಂರೀ," ಮೆರೆಡಿತ್ ಅಂದಳು, ಬೇಕೆಂದೇ ಸ್ವಲ್ಪ ಜೋರಾಗಿ. "ಅಮ್ಮನ್ನ ಬಿಟ್ಟು ಯಾರ ಹತ್ರಾನೂ ಹೋಗಲ್ಲ."

ಕಾರಿನಲ್ಲಿ ಇಬ್ಬರೂ ಹುಡುಗರು ನಿದ್ದೆ ಹೋದರು. ಮೆರೆಡಿತ್ ಥಟ್ಟನೆ, "ಡರ್ಕ್, ಒಲೆ ಆರಿಸಿದ್ನಾ ಅಂತ ಬೆಳಿಗ್ಗೆಯಿಂದ ಒಂದ್ಸಲಾನೂ ನೆನಪಾಗ್ಲಿಲ್ಲ," ಅಂದಳು.

"ಆರಿಸಿದ್ಯಾ?"

"ಗೊತ್ತಿಲ್ಲ." ಮಕ್ಕಳು ಏಳದಂತೆ ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕರು.

ಒಲೆ ಆರಿತ್ತು. ಜಗಲಿಯಲ್ಲಿ ಬೂಟು ಬಿಚ್ಚಿ, ಸೂಪು ಬಿಸಿಗಿಟ್ಟು, ಮೆರೆಡಿತ್ ಅಡುಗೆಮನೆಯ ಕುರ್ಚಿಯಲ್ಲಿ ಕುಳಿತಳು. ಬಿನ್ಯಾಮ್ ಅವಳ ತೊಡೆಯ ಮೇಲೆ ಅರೆನಿದ್ದೆಯಲ್ಲಿದ್ದ. ಭುಜ ಇನ್ನೂ ಉರಿಯುತ್ತಿತ್ತು. ಬಾಗಿಲಾಚೆ ಕೆಸರು ಮೆತ್ತಿದ ಬೂಟುಗಳು ಮತ್ತೆ ಚೆಲ್ಲಾಪಿಲ್ಲಿ ಬಿದ್ದಿದ್ದವು. ಅವುಗಳನ್ನೇ ನೋಡುತ್ತಿದ್ದವಳು ಫೋನು ಕೈಗೆತ್ತಿಕೊಂಡಳು.

ಮೊದಲ ರಿಂಗಿಗೇ ಹೆಟ್ಟಿ ಎತ್ತಿದರು. "ಏನಾಯ್ತು? ಮಕ್ಕಳು ಹುಷಾರಿದಾರಾ?"

"ಹುಷಾರಿದಾರೆ ಅತ್ತೆ. ನಾಳೆ ಚರ್ಚ್ ಮುಗಿಸ್ಕೊಂಡು ಮನೆಗೆ ಬನ್ನಿ."

"ಇವತ್ತಿನ ಸೂಪು ಕೆಟ್ಟಿತ್ತಾ? ಬೇರೆ ತಂದು ಜಗಲಿ ಮೇಲೆ ಇಡ್ಲಾ?"

"ಸೂಪು ಬೇಡ. ನೀವು ಬನ್ನಿ. ಒಳಗೆ ಬನ್ನಿ. ನಮ್ಮ ಜೊತೆ ಊಟ ಮಾಡಿ."

ಮೆರೆಡಿತ್ ಅವಸರವಾಗಿ ಮುಂದುವರಿಸಿದಳು. "ಎತ್ಕೊಂಡ್ರೆ ಬಿನ್ಯಾಮ್ ಅಳಬಹುದು ಅತ್ತೆ. ನಿಮ್ಮ ಹತ್ರ ಬರದೇನೂ ಇರಬಹುದು. ಬೇಜಾರು ಮಾಡ್ಕೋಬೇಡಿ."

"ಅಳ್ಲಿ ಬಿಡೇ," ಅಂದರು ಹೆಟ್ಟಿ. "ನಿನ್ನ ಗಂಡ ಚಿಕ್ಕವನಿದ್ದಾಗ ನಮ್ಮತ್ತೆ ಬಂದ್ರೆ ಸಾಕು, ಮೇಜಿನ ಕೆಳಗೆ ಸೇರ್ಕೋತಿದ್ದ. ಎರಡು ವರ್ಷ! ನಾನು ಕಾಯ್ತೀನಿ." ಆಮೇಲೆ, ಅದನ್ನೇ ಇಷ್ಟು ದಿನ ಕೇಳಬೇಕೆಂದಿದ್ದವರಂತೆ, "ಆ ಟೋಪಿಗಳು ಈಗ ಚಿಕ್ಕವಾಗಿರ್ತವೆ. ಬಿಚ್ಚಿ ಮತ್ತೆ ಹೆಣೀತೀನಿ. ತಲೆ ಎಷ್ಟು ದೊಡ್ಡದಾಗಿದೆ, ಒಂದು ದಾರ ಸುತ್ತಿ ನೋಡಿ ಹೇಳ್ತೀಯಾ?"

ಮೆರೆಡಿತ್ ಸಕ್ಕರೆ ಮೆತ್ತಿದ ಆ ಪುಟ್ಟ ತಲೆಯ ಮೇಲೆ ಅಂಗೈ ಇಟ್ಟಳು.

"ನಾಳೆ ನೀವೇ ಬಂದು ಅಳತೆ ತಗೊಳ್ಳಿ," ಅಂದಳು.