ತೊಮಾಸಾಳ ಎಡಗಾಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಿಯುದಾದ್ ವಿಯೆಹಾ ಊರಿನ ಅಂಚಿನ ಗ್ಯಾರೇಜಿನಲ್ಲಿ ಹಳದಿ ಬಸ್ಸುಗಳು ಒಂದರ ಬೆನ್ನಿಗೊಂದು ಮಂಜು ಹೊದ್ದು ಮಲಗಿವೆ. ಆಚೆ ಫುಯೆಗೋ ಅಗ್ನಿಪರ್ವತ ಒಮ್ಮೆ ಕೆಮ್ಮಿ, ಹಿಡಿಯಷ್ಟು ಹೊಗೆ ಬಿಟ್ಟು ಸುಮ್ಮನಾಗುತ್ತದೆ. ಇಲ್ಲಿ ಅದಕ್ಕೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ತೊಮಾಸಾ ಶಿಕಾಯ್ ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಬರಿಗಾಲಲ್ಲಿ ಬಸ್ಸು ಹತ್ತುತ್ತಾಳೆ. ಡ್ರೈವರ್ ಸೀಟಿನಲ್ಲಿ ಕೂತು, ನೇಯ್ದ ಲಂಗವನ್ನು ಮೊಣಕಾಲಿನ ಸುತ್ತ ಸರಿಮಾಡಿಕೊಂಡು, ಎಡಗಾಲನ್ನು ಕ್ಲಚ್ ಪೆಡಲ್ ಮೇಲಿಟ್ಟು ಕಣ್ಣು ಮುಚ್ಚುತ್ತಾಳೆ.

"ಒತ್ತು," ಬಸ್ಸಿನ ಅಡಿಯಿಂದ ಗಂಡನ ದನಿ.

"ಹಿಡ್ದೆ."

ಕೆಳಗೆ ಒಂದು ತಿರುಪು ಸಡಿಲಾಗುತ್ತದೆ. ಎಣ್ಣೆ ಪಿಚಕ್ಕನೆ ಬಾಟಲಿಗೆ ಬೀಳುತ್ತದೆ, ಜೊತೆಗೆ ಒಂದೆರಡು ಗುಳ್ಳೆ. ತಿರುಪು ಮತ್ತೆ ಬಿಗಿಯಾಗುತ್ತದೆ.

"ಬಿಡು."

ಈ ಬಸ್ಸುಗಳೆಲ್ಲ ಒಂದು ಕಾಲದಲ್ಲಿ ಉತ್ತರದ ದೇಶದಲ್ಲಿ ಮಕ್ಕಳನ್ನು ಶಾಲೆಗೆ ಹೊತ್ತವು. ಸೀಟಿನ ಬೆನ್ನಿನಲ್ಲಿ ಆ ಮಕ್ಕಳು ಗೀಚಿದ ಹೆಸರುಗಳು ಇನ್ನೂ ಇವೆ. ಸಪಾಟು ರಸ್ತೆಯಲ್ಲಿ ತಾವೇ ಗೇರ್ ಬದಲಿಸಿಕೊಂಡು ಸುಖವಾಗಿ ಓಡಿದ ಗಾಡಿಗಳು. ನಮ್ಮ ಏರಿಗೆ ಆ ಸುಖದ ಗೇರ್‌ಬಾಕ್ಸ್ ಆಗಿಬರುವುದಿಲ್ಲ. ಅದನ್ನು ಇಳಿಸಿ, ಕೈಯಲ್ಲಿ ಹಾಕುವ ಆರು ಗೇರಿನದನ್ನು ಕೂರಿಸಬೇಕು. ಹುಟ್ಟಿನಿಂದ ಇಲ್ಲದ ಕ್ಲಚ್ ಪೆಡಲನ್ನು ಹೊಸದಾಗಿ ಕೊಡಬೇಕು. ಪೆಡಲ್ ಬುಡದ ಸಿಲಿಂಡರಿನಿಂದ ಗೇರ್‌ಬಾಕ್ಸ್ ಪಕ್ಕದ ಸಿಲಿಂಡರಿಗೆ ಒಂದು ತೆಳು ಪೈಪು ಹೋಗುತ್ತದೆ, ಅದರ ತುಂಬ ಎಣ್ಣೆ. ಕಾಲಿನ ಬಲವನ್ನು ಹೊತ್ತು ಮುಟ್ಟಿಸುವುದು ಆ ಎಣ್ಣೆಯೇ.

"ಎಣ್ಣೆ ನಿಯತ್ತಿನದು, ಕೊಟ್ಟಿದ್ದನ್ನ ಹಂಗೇ ತಲುಪಿಸುತ್ತೆ. ಗಾಳಿ ಹಂಗಲ್ಲ. ಸಾಸಿವೆಯಷ್ಟು ಒಳಗೆ ಸೇರಿದ್ರೂ ಸಾಕು, ನೀನು ಒತ್ತಿದ್ದನ್ನೆಲ್ಲ ತಾನೇ ನುಂಗ್ಕೊಂಡು ಕೂತ್ಕೊಳ್ಳುತ್ತೆ," ಎನ್ನುತ್ತಾಳೆ ತೊಮಾಸಾ. ಆ ಸಾಸಿವೆಯನ್ನು ಹುಡುಕಿ ಹೊರಹಾಕುವುದು ಅವಳ ಕೆಲಸ. ಎರಡು ವಾರಕ್ಕೊಂದರಂತೆ ಬಸ್ಸುಗಳು ಈ ಅಂಗಳದಿಂದ ಮದುಮಕ್ಕಳ ಹಾಗೆ ಸಿಂಗರಿಸಿಕೊಂಡು ಹೊರಡುತ್ತವೆ. ಬಣ್ಣ ಬಳಿದವರ ಹೆಸರು ಹಿಂದಿನ ಗಾಜಿನ ಮೇಲಿರುತ್ತದೆ. ತೊಮಾಸಾಳ ಹೆಸರು ಎಲ್ಲೂ ಇಲ್ಲ, ಅದನ್ನು ಯಾರೂ ಕೇಳಿಯೂ ಇಲ್ಲ.

ಅವಳು ಈ ಕೆಲಸಕ್ಕೆ ಬಂದದ್ದೇ ಆಕಸ್ಮಿಕ. ಹದಿನೆಂಟರ ಹರೆಯದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತು ಗ್ಯಾರೇಜಿಗೆ ತೋರ್ತಿಯಾ ರೊಟ್ಟಿ ಮಾರಲು ಬರುತ್ತಿದ್ದಳು. ಒಂದು ದಿನ ಬಸ್ಸಿನಡಿ ಮಲಗಿದ್ದವನೊಬ್ಬ, ಮುಖ ಕಾಣದವನು, "ಯಾರಾದ್ರೂ ಆ ಪೆಡಲ್ ಒತ್ತಿ ಪುಣ್ಯ ಕಟ್ಕೊಳ್ರಪ್ಪ," ಎಂದು ಕೂಗಿದ. ಬುಟ್ಟಿ ಇಳಿಸಿ ಇವಳೇ ಒತ್ತಿದಳು. ಒತ್ತಿದವಳು ಸುಮ್ಮನಿರದೆ, "ಕೊನೇಲಿ ಬೆಂದ ಬೀನ್ಸ್ ತುಳಿದಂಗೆ ಮೆತ್ತಗಿದೆಯಲ್ಲ," ಎಂದಳು. ಅಡಿಯಲ್ಲಿದ್ದವನಿಗೆ ಆ ಮಾತು ಮನಸ್ಸಿಗೆ ಹತ್ತಿತು. ಮರುದಿನವೂ ಅವಳನ್ನೇ ಕರೆದ. ಹೀಗೆ ಬಸ್ಸಿನ ನೆಲದ ಮೇಲೊಬ್ಬಳು, ಕೆಳಗೊಬ್ಬ, ನಡುವೆ ಒತ್ತು, ಹಿಡ್ದೆ, ಬಿಡು. ಆ ಮೂರು ಮಾತಿನಲ್ಲೇ ಅವರ ಪ್ರೇಮ ನಡೆದು ಮದುವೆಯೂ ಆಯಿತು. ಅವನೇ ನಿಕಾನೋರ್. ಈಗ ಸೊಂಟ ಹಿಡಿದು ಅಡಿಗಿಳಿಯುವುದು ಕಡಿಮೆ. ಪಕ್ಕದ ಶೆಡ್ಡಿನಲ್ಲಿ ಬಸ್ಸಿನ ಬಂಪರು, ಕನ್ನಡಿ, ಏಣಿಗಳಿಗೆ ಕ್ರೋಮ್ ಹೊಳಪು ಹಾಕುತ್ತಾನೆ. ಅವನ ಕೈಗೆ ಸಿಕ್ಕಿದ್ದು ಹೊಳೆಯದೆ ಹೊರಗೆ ಬರುವುದಿಲ್ಲ ಎಂದು ಊರೆಲ್ಲ ನಗುತ್ತದೆ.

ಇವತ್ತಿನ ಬಸ್ಸು ರುತಿಲಿಯೊ ಯಜಮಾನನದು, ಊರವರ ಬಾಯಲ್ಲಿ ದೊನ್ ರುತಿಲಿಯೊ. ಓಡಿಸುವವನೂ ಅವನೇ. ಬಸ್ಸಿನ ಹಣೆಯ ಮೇಲೆ ತಾಯಿಯ ಹೆಸರು, ದೊಮಿತಿಲಾ, ಕೆಂಪು ಅಕ್ಷರದಲ್ಲಿ ಬರೆಸಿದ್ದಾನೆ. ಬಿಸಿಲೇರುವ ಮೊದಲು ಪಾದ್ರಿಗಳು ಬಂದು ಮಂತ್ರಜಲ ಚಿಮುಕಿಸುತ್ತಾರೆ, ಆಮೇಲೆ ನೆಂಟರಿಷ್ಟರನ್ನೆಲ್ಲ ಹತ್ತಿಸಿಕೊಂಡು ಸಾಂತಾ ಮರಿಯಾದ ಏರಿಗೆ ಮೊದಲ ಸವಾರಿ. ಆ ಏರಿನ ನಡುವೆ ಕ್ಲಚ್ ಕೈಕೊಟ್ಟರೆ ಗೇರ್ ಬೀಳುವುದಿಲ್ಲ, ಬಸ್ಸು ಹಿಂದಕ್ಕೆ ಜಾರುತ್ತದೆ. ಮುದುಕಿ ದೊಮಿತಿಲಾ ಆಗಲೇ ಹೊಸ ರವಿಕೆ ತೊಟ್ಟು, ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು, ಮೊಮ್ಮಗಳನ್ನು ಧಾರೆ ಎರೆಯಲು ಬಂದವಳಂತೆ ಕೂತಿದ್ದಾಳೆ.

ಪೆಡಲ್ ಈಗ ಗಟ್ಟಿಯಾಗಿದೆ. ರುತಿಲಿಯೊ ಹತ್ತಿ ಬೂಟುಗಾಲಲ್ಲಿ ಒತ್ತಿ ನೋಡಿ, "ಕಲ್ಲು ಇದ್ದಂಗಿದೆ ದೋನ್ಯಾ ತೊಮಾಸಾ. ಸಾಕು, ಹೊರಡೋಣ," ಎನ್ನುತ್ತಾನೆ.

ತೊಮಾಸಾ ಮತ್ತೊಮ್ಮೆ ಒತ್ತುತ್ತಾಳೆ. ಎಲ್ಲ ಸರಿ. ತೀರಾ ಕೊನೆಯಲ್ಲಿ ಮಾತ್ರ, ನಿದ್ದೆಗೆ ಜಾರುವಾಗ ಮೆಟ್ಟಿಲು ತಪ್ಪಿದ ಹಾಗಾಗುತ್ತದಲ್ಲ, ಅಷ್ಟೇ ಅಷ್ಟು ಪೆಡಲ್ ಜಾರುತ್ತದೆ.

ಜಾರಿದ್ದು ಪೆಡಲೋ, ತನ್ನ ಕಾಲೋ? ನಿನ್ನೆ ಅವಳು ಯಾರಿಗೂ ಹೇಳದೆ ಆಸ್ಪತ್ರೆಗೆ ಹೋಗಿದ್ದಳು. ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷವಾಯಿತು. ನರ್ಸಮ್ಮ ಅವಳ ಕಣ್ಣು ಮುಚ್ಚಿಸಿ, ಸಣ್ಣ ನೈಲಾನ್ ದಾರದಿಂದ ಪಾದ ಮುಟ್ಟಿ, "ಗೊತ್ತಾದಾಗ ಹೇಳಿ," ಎಂದಳು. ತೊಮಾಸಾ ಕಾದೇ ಕಾದಳು. ಕಣ್ಣು ಬಿಟ್ಟರೆ ದಾರ ಎಡಗಾಲಿನ ಬೆರಳ ಮೇಲೆಯೇ ಇತ್ತು. ಎರಡು ಬೆರಳು ಸತ್ತಿವೆ. ದಾರಿಯುದ್ದಕ್ಕೂ ಅವಳಿಗೆ ಆ ಕಾಲು ತನ್ನದೇ ಅಲ್ಲ ಎನಿಸಿತ್ತು. ಈ ಕಾಲು ಹೋದರೆ ಕೆಲಸವೂ ಹೋಯಿತು. ಬರಿ ಕೂಲಿ ಹೋದರೆ ಹೇಗೋ ಬದುಕಬಹುದು, ತಾನು ಯಾರೆಂಬುದೇ ಹೋದರೆ ಏನು ಮಾಡುವುದು?

ಸಂಜೆ ಮನೆಗೆ ಬಂದಾಗ ನಿಕಾನೋರ್ ಖುಷಿಯಲ್ಲಿದ್ದ. "ಪೈಪು ನಾನೇ ಜೋಡಿಸಿಟ್ಟೆ ಮುದುಕಿ. ನೀನು ಬೆಳಗ್ಗೆ ಗಾಳಿ ತೆಗೆದ್ರೆ ಮುಗೀತು," ಎಂದಿದ್ದ. ಸಾವಿರ ಸಲ ಜೋಡಿಸಿದ ಕೈ ಅದು. ಅದನ್ನು ಅನುಮಾನಿಸುವುದಕ್ಕಿಂತ ತನ್ನ ಕಾಲನ್ನು ಅನುಮಾನಿಸುವುದೇ ಅವಳಿಗೆ ಸುಲಭ.

"ಏನು ದೋನ್ಯಾ, ನಿದ್ದೆ ಬಂತಾ?" ರುತಿಲಿಯೊ ನಗುತ್ತಾನೆ. "ಪಾದ್ರಿಗಳು ಬರೋ ಹೊತ್ತಾಯ್ತು. ನಮ್ಮಮ್ಮ ಗೇಟಲ್ಲಿ ಬೇರು ಬಿಡ್ತಿದ್ದಾಳೆ."

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಬಸ್ಸು ಬಹುಶಃ ಏರು ಹತ್ತುತ್ತಿತ್ತು, ಬಹುಶಃ ಇಲ್ಲ. ತೊಮಾಸಾ ಗೇಟಿನ ಕಡೆಗೆ, ಆ ಹೊಸ ರವಿಕೆಯ ಕಡೆಗೆ ನೋಡುತ್ತಾಳೆ.

"ಒಂದು ಲೋಟ ಅತೋಲ್ ಕುಡಿಯೋಣ," ಎನ್ನುತ್ತಾಳೆ. "ಆಮೇಲೆ ನೀವೇ ಒತ್ತಿ."

"ಅತೋಲ್‌ಗೂ ಕ್ಲಚ್ಚಿಗೂ ಏನು ಸಂಬಂಧ?"

"ಗಾಳಿಗೆ ಅವಸರ ಇಲ್ಲ ದೊನ್ ರುತಿಲಿಯೊ. ಅದು ನಾವು ಬೆನ್ನು ತಿರುಗಿಸೋದನ್ನೇ ಕಾಯುತ್ತೆ."

ಬಿಸಿ ಜೋಳದ ಗಂಜಿಯ ಹಬೆ ಮಂಜಿಗೆ ಸೇರುತ್ತದೆ. ಹಳದಿ ಬಸ್ಸುಗಳು ಕನಸಿನಲ್ಲಿ ಮಕ್ಕಳ ಗದ್ದಲ ಕೇಳುತ್ತಿರಬೇಕು. ತೊಮಾಸಾ ಲೋಟ ಹಿಡಿದು ತನ್ನ ಬರಿಗಾಲನ್ನೇ ನೋಡುತ್ತಾಳೆ. ತಪ್ಪು ಕಾಲಿನದೇ ಆಗಿದ್ದರೆ ಇವತ್ತೇ ಎಲ್ಲರ ಮುಂದೆ ಹೇಳಿಬಿಡುವುದು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಳೆ.

ಲೋಟ ಖಾಲಿಯಾಗುತ್ತದೆ. ರುತಿಲಿಯೊ ಹೋಗಿ ಪೆಡಲ್ ಒತ್ತುತ್ತಾನೆ. ಪೆಡಲ್ ಅರ್ಧದವರೆಗೆ ತಡೆಯಿಲ್ಲದೆ ಹೋಗಿಬಿಡುತ್ತದೆ. ಅವನ ನಗು ಅಲ್ಲೇ ನಿಲ್ಲುತ್ತದೆ.

ತೊಮಾಸಾಳ ಕಣ್ಣು ತುಂಬಿ ಬರುತ್ತದೆ. ಬಸ್ಸು ಕೆಟ್ಟಿದ್ದಕ್ಕೆ ಇಷ್ಟು ಸಂತೋಷಪಟ್ಟವರು ಆ ಅಂಗಳದಲ್ಲಿ ಹಿಂದೆ ಯಾರೂ ಇರಲಿಕ್ಕಿಲ್ಲ.

"ಮುದುಕಾ, ಎಲ್ಲಾದರೂ ಸೋರ್ತಿದೆಯಾ?" ಮತ್ತೆ ಬಸ್ಸಿನಡಿ ತೂರಿದ ಗಂಡನನ್ನು ಕೇಳುತ್ತಾಳೆ.

"ಒಂದು ಹನೀನೂ ಇಲ್ಲ."

"ಹಂಗಾದ್ರೆ ಹೊರಗೆ ಸೋರ್ತಿಲ್ಲ, ಒಳಗೆ ಗಾಳಿ ಎಳ್ಕೊಳ್ತಿದೆ. ಜೋಡಣೆ ಹತ್ರ ಟಾರ್ಚ್ ಹಾಕು."

ಗೇರ್ ಕೋಲಿಗೆಂದು ನೆಲದಲ್ಲಿ ಕೊರೆದ ತೂತಿನಿಂದ ಅವಳು ಬಗ್ಗಿ ನೋಡುತ್ತಾಳೆ. ಟಾರ್ಚಿನ ಬೆಳಕು ಬಿದ್ದದ್ದೇ ತಡ, ಕೊಳೆ ಹಿಡಿದ ಗೇರ್‌ಬಾಕ್ಸಿನ ಪಕ್ಕ ಏನೋ ಒಂದು ಫಳಫಳ ಹೊಳೆಯುತ್ತದೆ. ಪೈಪಿನ ತುದಿ. ಮದುವೆ ಉಂಗುರದ ಹಾಗೆ.

"ನಿಕಾನೋರ್."

ಟಾರ್ಚಿನ ಬೆಳಕು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ.

"ಅದಕ್ಕೂ ಕ್ರೋಮ್ ಹಾಕಿದೀಯಾ?"

"ಬಂಪರಿಗೆ ಹಾಕ್ತೀನಿ, ಕನ್ನಡಿಗೆ ಹಾಕ್ತೀನಿ," ದನಿ ಮೆಲ್ಲಗೆ ಬರುತ್ತದೆ. "ಎಲ್ಲರ ಕೆಲಸಾನೂ ಹೊಳೆಯುತ್ತೆ, ನಿಂದು ಮಾತ್ರ ಕತ್ತಲೇಲಿರುತ್ತೆ. ಒಂದು ಸಲ ನಿಂದೂ ಹೊಳೀಲಿ ಅನ್ನಿಸ್ತು."

ಆ ಹೊಳಪಿನಿಂದ ತುದಿ ಕೂದಲೆಳೆಯಷ್ಟು ಹೆಚ್ಚು ದಪ್ಪವಾಗಿದೆ. ಸಿಲಿಂಡರಿನ ಬಾಯೊಳಗೆ ಪೂರ್ತಿ ಇಳಿದಿಲ್ಲ. ನಿಕಾನೋರ್ ತಟ್ಟಿ ಕೂರಿಸಿದಾಗ ಒಳಗಿನ ರಬ್ಬರ್ ಉಂಗುರದ ಅಂಚು ಕತ್ತರಿಸಿದೆ. ಒತ್ತಿದಾಗ ಎಣ್ಣೆಯನ್ನು ತಡೆಯುತ್ತದೆ, ಬಿಟ್ಟಾಗ ಕಳ್ಳನ ಹಾಗೆ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ರುತಿಲಿಯೊ ಬಯ್ಯಲು ಬಾಯಿ ತೆರೆದವನು, ತೊಮಾಸಾಳ ಮುಖ ನೋಡಿ, "ಎಂಥಾ ಪ್ರೀತಿ ಮಾರಾಯ, ನಮ್ಮಮ್ಮನ್ನ ಏರಿಂದ ಉರುಳಿಸೋವಷ್ಟು," ಎಂದಷ್ಟೇ ಹೇಳಿ ಪಾದ್ರಿಗಳನ್ನು ಮಾತಿಗೆ ಹಿಡಿದು ನಿಲ್ಲಿಸಲು ಗೇಟಿನತ್ತ ಓಡುತ್ತಾನೆ.

ಬೇರೊಂದು ಹಳೆಯ ಪೈಪು, ಹೊಳಪಿಲ್ಲದ ತುದಿ, ಹೊಸ ರಬ್ಬರ್ ಉಂಗುರ. ಈ ಸಲ ತೊಮಾಸಾ ತಾನೇ ಅಡಿಗಿಳಿದು ಜೋಡಿಸುತ್ತಾಳೆ. ತುದಿಯನ್ನು ಹಿಡಿದಿಡುವ ಪಿನ್ನು ಟಕ್ಕೆಂದು ಕೂತ ಸದ್ದು ಇಬ್ಬರಿಗೂ ಕೇಳುತ್ತದೆ. ಮತ್ತೆ ಮೇಲೆ ಅವಳು, ಕೆಳಗೆ ಅವನು. ಒತ್ತು, ಹಿಡ್ದೆ, ಬಿಡು. ಗುಳ್ಳೆಗಳು ಕಡಿಮೆಯಾಗಿ ನಿಲ್ಲುತ್ತವೆ. ಇನ್ನೊಂದು ಲೋಟ ಅತೋಲ್ ಆದ ಮೇಲೂ ಪೆಡಲ್ ಸಡಿಲವಾಗುವುದಿಲ್ಲ.

ಪಾದ್ರಿಗಳು ನೀರು ಚಿಮುಕಿಸುತ್ತಾರೆ, ಪಟಾಕಿ ಸಿಡಿಯುತ್ತದೆ, ಮುದುಕಿ ದೊಮಿತಿಲಾ ದೊಮಿತಿಲಾಳನ್ನು ಹತ್ತುತ್ತಾಳೆ. ಹಿಂದಿನ ಗಾಜಿನ ಮೇಲೆ ತೊಮಾಸಾಳ ಹೆಸರನ್ನೂ ಬರೆಸುತ್ತೇನೆಂದು ರುತಿಲಿಯೊ ಹೇಳಿದಾಗ ಅವಳು ಕೈಯಾಡಿಸಿ ಬೇಡವೆನ್ನುತ್ತಾಳೆ.

"ನನ್ನ ಕೆಲಸ ಕಾಣಬಾರದು. ಕಂಡ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ."

ಅಂಗಳ ಖಾಲಿಯಾದ ಮೇಲೆ ಗಂಡಹೆಂಡಿರಿಬ್ಬರೂ ಹಳೆಯ ಬಸ್ಸೊಂದರ ಮೆಟ್ಟಿಲ ಮೇಲೆ ಕೂರುತ್ತಾರೆ. ಹೊಳೆಯುವ ತುದಿ ಅವಳ ಏಪ್ರನ್ ಜೇಬಿನಲ್ಲಿದೆ. ಎಸೆಯಲು ಅವನು ಎರಡು ಸಲ ಕೇಳಿದ, ಅವಳು ಕೊಟ್ಟಿಲ್ಲ. ದೂರದ ಏರಿನಲ್ಲಿ ಬಸ್ಸಿನ ಸದ್ದು ಏರುತ್ತಿದೆ. ಆಗ ಅವಳು ಆಸ್ಪತ್ರೆಯ ವಿಷಯ ಹೇಳುತ್ತಾಳೆ. ದಾರ, ಮುಚ್ಚಿದ ಕಣ್ಣು, ಎರಡು ಬೆರಳು, ಎಲ್ಲ.

ನಿಕಾನೋರ್ ನೋಯುವ ಸೊಂಟ ಹಿಡಿದು ಕೆಳಗಿನ ಮೆಟ್ಟಿಲಿಗೆ ಇಳಿದು, ಅವಳ ಎಡಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಳ್ಳುತ್ತಾನೆ.

"ಕಣ್ಣು ಮುಚ್ಚು."

ಮುಚ್ಚುತ್ತಾಳೆ. ಅವನು ಕಿರುಬೆರಳು ಒತ್ತುತ್ತಾನೆ. ಅವಳು ಸುಮ್ಮನಿದ್ದಾಳೆ. ಪಕ್ಕದ ಬೆರಳು ಒತ್ತುತ್ತಾನೆ. ಆಗಲೂ ಸುಮ್ಮನಿದ್ದಾಳೆ. ಏರಿನ ತಿರುವಿನಲ್ಲಿ ಬಸ್ಸಿನ ಸದ್ದು ಒಂದು ಕ್ಷಣ ತಗ್ಗಿ, ಗೇರ್ ಬದಲಾಗಿ, ಮತ್ತೆ ಮೇಲಕ್ಕೆ ಹೊರಡುತ್ತದೆ. ಅವನ ಹೆಬ್ಬೆರಳು ಅಂಗಾಲು ದಾಟಿ ಹಿಮ್ಮಡಿಗೆ ಬಂದು ಒತ್ತಿ ನಿಲ್ಲುತ್ತದೆ.

"ಹಿಡ್ದೆ," ಎನ್ನುತ್ತಾಳೆ ತೊಮಾಸಾ.